ಇಂಡೋಹೈಯಸ್: ತಿಮಿಂಗಿಲದ ದಾಯಾದಿ

ಬೆಂಗಳೂರಿನಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯು ತನ್ನ ಹನ್ನೆರಡನೆಯ ಸಂಪುಟದಲ್ಲಿ, ಎಂದರೆ ೧೯೭೧ರಲ್ಲಿ, ಹಿಮಾಲಯದ ತಪ್ಪಲಿನ ಕಾಲಾಕೋಟ್ ಎಂಬ ಊರಿನ ಬಳಿ ದೊರೆತ ಕೆಲವು ಹೊಸ ಸಸ್ತನಿಗಳನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿತು. ಬರೆದವರು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗದ ಭೂವಿಜ್ಞಾನಿ ಎ. ರಂಗರಾವ್. ಅದರಲ್ಲಿ ಅವರು ಹಲ್ಲು ದವಡೆಗಳ ಆಧಾರದಿಂದ ಗುರುತಿಸಿದ ಒಂದು ಪುಟ್ಟ ಪ್ರಾಣಿಗೆ ಇಂಡೋಹೈಯಸ್ ಎಂದು ನಾಮಕರಣ ಮಾಡಿದರು. ಗ್ರೀಕ್ ಭಾಷೆಯಲ್ಲಿ ‘ಹೈಯಸ್’ ಎಂಬುದರ ಮೂಲಪದಕ್ಕೆ ಹಂದಿಯೆಂದು ಅರ್ಥ. ಆದ್ದರಿಂದ ಇದು ‘ಭಾರತದ ಹಂದಿ’. ಲೇಖನವು ತಜ್ಞರ ವಲಯವನ್ನು ದಾಟಿ ಹೊರಗೆ ಬರಲಿಲ್ಲ. ಅಂಥ ಲೇಖನಗಳು ಸಾಮಾನ್ಯವಾಗಿ ಬರುವುದೂ ಇಲ್ಲ. ಆದರೆ ಮೂವತ್ತಾರು ವರ್ಷಗಳ ತರುವಾಯ, ೨೦೦೭ರ ಡಿಸೆಂಬರಿನಲ್ಲಿ, ಅದೇ ಹಂದಿಯ ಹೆಸರು ಪ್ರಪಂಚದ ಎಲ್ಲ ಪ್ರಮುಖ ವೃತ್ತಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಅಷ್ಟರಲ್ಲಿ ಅದು ಹಂದಿಯಾಗಿ ಉಳಿದಿರಲಿಲ್ಲ. ಸಮುದ್ರದ ತಿಮಿಂಗಿಲಕ್ಕೆ ಅತ್ಯಂತ ಹತ್ತಿರದ ಬಂಧುವೆಂದು ನಿರ್ಣಯವಾಗಿತ್ತು.

ಗೊರಸುಳ್ಳ ಒಂದು ಸಣ್ಣ ಮೃಗಕ್ಕೂ ತಿಮಿಂಗಿಲಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಯಾರಿಗಾದರೂ ತೋರುವುದು ಸಹಜ. ಆ ಸಂಬಂಧವು ಸ್ಥಾಪಿತವಾದ ಬಗೆ, ಅದಕ್ಕೆ ದೊರೆತ ಸಾಕ್ಷ್ಯಗಳ ಬೆಲೆ, ಆ ಸಾಕ್ಷ್ಯಗಳು ಹೇಳದೆ ಉಳಿಸಿರುವುದೇನು ಎಂಬಿವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದರಲ್ಲಿ ಎರಡು ಇತಿಹಾಸಗಳು ಹೆಣೆದುಕೊಂಡಿವೆ: ಒಂದು ಕೋಟ್ಯಂತರ ವರ್ಷಗಳ ಹಿಂದಿನದು, ಇನ್ನೊಂದು ನಮ್ಮ ಕಾಲದ್ದು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟುಬಿಡುವುದು ಜನಪ್ರಿಯ ಬರವಣಿಗೆಯ ರೂಢಿ. ಹಾಗೆ ಬಿಟ್ಟರೆ ಒಂದು ಜ್ಞಾನವು ಎಷ್ಟು ತೆಳುವಾದ ಎಳೆಯ ಮೇಲೆ ನಿಂತು ನಮ್ಮವರೆಗೆ ಬಂದಿತೆಂಬುದು ತಿಳಿಯುವುದೇ ಇಲ್ಲ.

ಮೊದಲು ತಿಮಿಂಗಿಲದ ವಿಚಾರ. ನಮ್ಮ ಪ್ರಾಚೀನರಿಗೆ ಅದು ಮತ್ಸ್ಯವೇ. ‘ತಿಮಿ’ ಎಂಬ ಮಹಾಮತ್ಸ್ಯವನ್ನು ನುಂಗುವಂಥದು ತಿಮಿಂಗಿಲ. ಅದನ್ನೂ ನುಂಗುವಂಥದು ತಿಮಿಂಗಿಲಗಿಲ. ಸಂಸ್ಕೃತದ ಈ ಪದಪರಂಪರೆ ಸಮುದ್ರದ ಅಗಾಧತೆಯನ್ನು ಸೂಚಿಸುತ್ತದೆಯೇ ಹೊರತು ಪ್ರಾಣಿಯ ಅಂಗರಚನೆಯನ್ನಲ್ಲ. ಗ್ರೀಸಿನಲ್ಲಿ ಅರಿಸ್ಟಾಟಲನು ಮಾತ್ರ ಈ ವರ್ಗದ ಜೀವಿಗಳು ಶ್ವಾಸಕೋಶದಿಂದ ಉಸಿರಾಡುತ್ತವೆ, ಮರಿ ಹಾಕಿ ಹಾಲೂಡಿಸುತ್ತವೆ ಎಂಬುದನ್ನು ಸ್ಪಷ್ಟವಾಗಿ ಗಮನಿಸಿದ್ದನು. ಆದರೂ ಮೀನಿನ ಪಂಕ್ತಿಯಿಂದ ಎಬ್ಬಿಸಿ ಅವನ್ನು ಸಸ್ತನಿಗಳ ಪಂಕ್ತಿಯಲ್ಲಿ ಕೂರಿಸಲು ೧೭೫೮ರವರೆಗೆ, ಎಂದರೆ ಲಿನ್ನೇಯಸನ ಗ್ರಂಥದ ಹತ್ತನೆಯ ಆವೃತ್ತಿಯವರೆಗೆ, ಕಾಯಬೇಕಾಯಿತು. ಸಸ್ತನಿಯೆಂದು ಒಪ್ಪಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಎದ್ದಿತು. ಬೇರೆಲ್ಲ ಸಸ್ತನಿಗಳ ಮೂಲವೂ ನೆಲದಲ್ಲಿರುವಾಗ ಇದು ನೀರಿಗೆ ಇಳಿದದ್ದು ಯಾವಾಗ? ಇಳಿಯುವ ಮುನ್ನ ಇದು ಏನಾಗಿತ್ತು?

ಡಾರ್ವಿನನು ೧೮೫೯ರಲ್ಲಿ ಈ ಪ್ರಶ್ನೆಗೆ ಒಂದು ಊಹೆಯ ಉತ್ತರ ಕೊಟ್ಟನು. ಉತ್ತರ ಅಮೆರಿಕದ ಕರಡಿಯೊಂದು ಗಂಟೆಗಟ್ಟಲೆ ಬಾಯಿ ತೆರೆದು ಈಜುತ್ತ ನೀರಿನ ಮೇಲಿನ ಹುಳುಗಳನ್ನು ಹಿಡಿಯುತ್ತಿದ್ದುದನ್ನು ಪ್ರವಾಸಿಯೊಬ್ಬನು ವರ್ಣಿಸಿದ್ದನು. ಅಂಥ ಕರಡಿಗಳ ಸಂತತಿ ಕ್ರಮೇಣ ತಿಮಿಂಗಿಲದಂಥ ಜೀವಿಯಾಗಿ ಮಾರ್ಪಡುವುದರಲ್ಲಿ ಅಸಾಧ್ಯವೇನೂ ಇಲ್ಲವೆಂದು ಡಾರ್ವಿನನು ಬರೆದನು. ವಿಮರ್ಶಕರು ನಗೆಯಾಡಿದರು. ಮುಂದಿನ ಆವೃತ್ತಿಯಲ್ಲಿ ಆತನು ಆ ಮಾತಿನ ಬಹುಭಾಗವನ್ನು ತೆಗೆದುಹಾಕಿದನು. ಊಹೆಯ ದಿಕ್ಕು ತಪ್ಪಾಗಿತ್ತು, ನಿಜ. ಆದರೆ ನೆಲದ ಮೃಗವೊಂದು ಹಂತಹಂತವಾಗಿ ಜಲಚರವಾಯಿತೆಂಬ ತತ್ತ್ವ ತಪ್ಪಾಗಿರಲಿಲ್ಲ. ನಕ್ಕವರ ಹೆಸರುಗಳು ಈಗ ಯಾರಿಗೂ ನೆನಪಿಲ್ಲ. ೧೮೮೩ರಲ್ಲಿ ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಫ್ಲವರನು ತಿಮಿಂಗಿಲದ ಒಳ ಅಂಗಗಳನ್ನು ಪರಿಶೀಲಿಸಿ, ಅದರ ನಂಟು ಮಾಂಸಾಹಾರಿಗಳ ಕಡೆಗಲ್ಲ, ಗೊರಸಿನ ಪ್ರಾಣಿಗಳ ಕಡೆಗೆಂದು ಸೂಚಿಸಿದನು. ಅದಕ್ಕೆ ಆಗ ದೊರೆತ ಮನ್ನಣೆ ಅಷ್ಟಕ್ಕಷ್ಟೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯಾಜ್ಯಕ್ಕೆ ಇಬ್ಬರು ಸಾಕ್ಷಿಗಳು ಬಂದರು. ಒಬ್ಬರ ಹೇಳಿಕೆ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಒಂದು ಸಾಕ್ಷ್ಯ ರಕ್ತದ್ದು. ೧೯೫೦ರಲ್ಲಿ ಬಾಯ್ಡನ್ ಮತ್ತು ಜೆಮೆರಾಯ್ ಎಂಬ ಅಮೆರಿಕದ ವಿದ್ವಾಂಸರು ನಾನಾ ಪ್ರಾಣಿಗಳ ರಕ್ತದ ಸೀರಮ್ಮನ್ನು ಹೋಲಿಸಿ, ತಿಮಿಂಗಿಲದ ರಕ್ತ ಸಮಖುರಿಗಳ ರಕ್ತಕ್ಕೆ ಹತ್ತಿರವೆಂದು ತೋರಿಸಿದರು. ಸಮಖುರಿಗಳೆಂದರೆ ದನ, ಕುರಿ, ಜಿಂಕೆ, ಹಂದಿ, ಒಂಟೆ, ನೀರಾನೆ ಮೊದಲಾದ, ಗೊರಸಿನ ಬೆರಳುಗಳು ಸಮಸಂಖ್ಯೆಯಲ್ಲಿರುವ ವರ್ಗ. ಇನ್ನೊಂದು ಸಾಕ್ಷ್ಯ ಹಲ್ಲಿನದು. ೧೯೬೬ರಲ್ಲಿ ಲೀ ವ್ಯಾನ್ ವೇಲನ್ ಎಂಬಾತನು ಪ್ರಾಚೀನ ತಿಮಿಂಗಿಲಗಳ ತ್ರಿಕೋಣಾಕೃತಿಯ ಹಲ್ಲುಗಳು ಮೆಸೊನಿಕಿಡ್ ಎಂಬ, ಗೊರಸಿದ್ದರೂ ಮಾಂಸ ತಿನ್ನುತ್ತಿದ್ದ, ನಿರ್ವಂಶವಾದ ಪ್ರಾಣಿಗಳ ಹಲ್ಲಿಗೆ ಸದೃಶವೆಂದು ವಾದಿಸಿದನು. ಪಳೆಯುಳಿಕೆ ಶಾಸ್ತ್ರಜ್ಞರಿಗೆ ಹಲ್ಲಿನ ಮೇಲೆ ಅಪಾರ ನಂಬಿಕೆ. ಮೂಳೆ ಕರಗಿದರೂ ಹಲ್ಲು ಉಳಿಯುತ್ತದೆ. ಅವರ ಶಾಸ್ತ್ರದ ಅರ್ಧ ಭಾಗ ಹಲ್ಲಿನಿಂದಲೇ ಬರೆಯಲ್ಪಟ್ಟಿದೆ. ಆದ್ದರಿಂದ ಮೂರು ದಶಕಗಳ ಕಾಲ ಮೆಸೊನಿಕಿಡ್ ಮತವೇ ಪಠ್ಯಗ್ರಂಥಗಳಲ್ಲಿ ನೆಲೆಸಿತು. ೧೯೯೦ರ ದಶಕದಲ್ಲಿ ಆನುವಂಶಿಕ ದ್ರವ್ಯದ ಪರೀಕ್ಷೆಗಳು ಒಂದರ ಮೇಲೊಂದು ಬಂದು, ತಿಮಿಂಗಿಲವು ಸಮಖುರಿಗಳ ಬಂಧು ಮಾತ್ರವಲ್ಲ, ಸಮಖುರಿಗಳ ಕುಟುಂಬದ ಒಳಗೇ ಹುಟ್ಟಿದ್ದು, ಬದುಕಿರುವವುಗಳಲ್ಲಿ ನೀರಾನೆಯೇ ಅದರ ನಿಕಟ ಸಂಬಂಧಿ ಎಂದು ಸಾರಿದುವು. ಹಲ್ಲನ್ನು ನಂಬಿದವರು ಇದನ್ನು ಸುಲಭವಾಗಿ ಒಪ್ಪಲಿಲ್ಲ.

ಈ ವ್ಯಾಜ್ಯದ ತೀರ್ಮಾನ ಕಾಲಿನ ಹರಡಿನಲ್ಲಿ ದೊರೆಯಿತು. ಸಮಖುರಿಗಳ ಹರಡಿನಲ್ಲಿ ಒಂದು ವಿಶಿಷ್ಟ ಮೂಳೆಯಿದೆ. ಅದರ ಮೇಲ್ತುದಿಯೂ ಕೆಳತುದಿಯೂ ಬಾವಿಯ ರಾಟೆಯಂತೆ ನಡುವೆ ತಗ್ಗಾಗಿ ಎರಡು ಅಂಚುಗಳಲ್ಲಿ ಉಬ್ಬಿರುತ್ತವೆ. ಈ ಜೋಡಿ ರಾಟೆ ಬೇರೆ ಯಾವ ಸಸ್ತನಿಗೂ ಇಲ್ಲ. (ಪ್ರಾಚೀನ ಗ್ರೀಕರು ಕುರಿಯ ಇದೇ ಮೂಳೆಯನ್ನು ದಾಳವಾಗಿ ಎಸೆದು ಆಡುತ್ತಿದ್ದರು.) ತಿಮಿಂಗಿಲಕ್ಕೆ ಈಗ ಹಿಂಗಾಲೇ ಇಲ್ಲವಾದ್ದರಿಂದ ಹರಡನ್ನು ಎಲ್ಲಿ ಹುಡುಕುವುದು? ಹಿಂಗಾಲು ಇದ್ದ ಕಾಲದ ತಿಮಿಂಗಿಲದಲ್ಲಿ ಹುಡುಕಬೇಕು. ಅಂಥವು ದೊರೆತದ್ದು ಪಾಕಿಸ್ತಾನದಲ್ಲಿ. ೧೯೮೧ರಲ್ಲಿ ಫಿಲಿಪ್ ಗಿಂಗರಿಚ್ ಮತ್ತು ಡೊನಾಲ್ಡ್ ರಸೆಲ್ ಅವರು ಕೋಹಾಟಿನ ಪ್ರದೇಶದಲ್ಲಿ ಸಿಕ್ಕ ಒಂದು ಕಪಾಲಭಾಗಕ್ಕೆ ಪಾಕಿಸೀಟಸ್ ಎಂದು ಹೆಸರಿಟ್ಟಿದ್ದರು. ೧೯೯೪ರಲ್ಲಿ ಹಾನ್ಸ್ ಥೆವಿಸನ್ ಮತ್ತು ಸಂಗಡಿಗರು ನಡೆಯಲೂ ಈಜಲೂ ಬಲ್ಲ ಆಂಬ್ಯುಲೋಸೀಟಸನ್ನು ವರ್ಣಿಸಿದ್ದರು. ಕೊನೆಗೆ ೨೦೦೧ರ ಸೆಪ್ಟೆಂಬರಿನಲ್ಲಿ ಈ ಎರಡು ತಂಡಗಳೂ, ಒಂದರಿಂದ ಒಂದು ಬೇರೆಯಾಗಿ, ಕಾಲುಗಳುಳ್ಳ ಪ್ರಾಚೀನ ತಿಮಿಂಗಿಲಗಳ ಹರಡಿನ ಮೂಳೆಗಳನ್ನು ಪ್ರಕಟಿಸಿದುವು. ಎರಡರಲ್ಲೂ ಜೋಡಿ ರಾಟೆ ಇತ್ತು. ಗಿಂಗರಿಚ್ ಅವರು ಅದುವರೆಗೆ ಮೆಸೊನಿಕಿಡ್ ಮತದ ಪಕ್ಷಪಾತಿಗಳಾಗಿದ್ದವರು. ತಮ್ಮ ಕೈಗೆ ಬಂದ ಮೂಳೆಯನ್ನು ನೋಡಿ ಮತ ಬದಲಿಸಿದರು. ವಿದ್ವತ್ತಿನ ಇತಿಹಾಸದಲ್ಲಿ ಇದು ಅಷ್ಟು ಸಾಮಾನ್ಯವಾಗಿ ಕಾಣದ ಗುಣ.

ಹೀಗೆ ತಿಮಿಂಗಿಲವು ಸಮಖುರಿಯೆಂಬುದು ಸ್ಥಿರವಾಯಿತು. ಆದರೆ ಒಂದು ತೊಡಕು ಉಳಿಯಿತು. ಅತಿ ಪ್ರಾಚೀನ ತಿಮಿಂಗಿಲಗಳ ವಯಸ್ಸು ಸುಮಾರು ಐದು ಕೋಟಿ ವರ್ಷ. ನೀರಾನೆಯ ವಂಶದ ಪಳೆಯುಳಿಕೆಗಳಾದರೋ ಅದಕ್ಕಿಂತ ಬಹಳ ಈಚಿನವು, ಅದೂ ದೂರದ ಆಫ್ರಿಕದಲ್ಲಿ. ಹಾಗಾದರೆ ಆ ಐದು ಕೋಟಿ ವರ್ಷಗಳ ಹಿಂದೆ, ಆ ಕಡಲತೀರದಲ್ಲಿಯೇ, ತಿಮಿಂಗಿಲದ ಪಕ್ಕದ ಮನೆಯಲ್ಲಿದ್ದ ಸಮಖುರಿ ಯಾವುದು?

ಉತ್ತರವು ಆಗಲೇ ದೊರೆತಿತ್ತು. ದೊರೆತಿದೆಯೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಕಾಲಾಕೋಟ್ ಇರುವುದು ರಾಜೌರಿ ಜಿಲ್ಲೆಯಲ್ಲಿ. ರಂಗರಾಯರು ಅಲ್ಲಿ ಕೆಲಸ ಮಾಡಿದಾಗ ಅದು ಜಮ್ಮು ಕಾಶ್ಮೀರ ರಾಜ್ಯಕ್ಕೆ ಸೇರಿತ್ತು. ೨೦೧೯ರಿಂದ ಅದೇ ಹೆಸರಿನ ಕೇಂದ್ರಾಡಳಿತ ಪ್ರದೇಶದಲ್ಲಿದೆ. ಗುಡ್ಡಗಾಡಿನ ಸೀಮೆ; ಕಲ್ಲಿದ್ದಲಿನ ಗಣಿಗಳೂ ಉಂಟು. ಇಲ್ಲಿನ ಶಿಲಾಸ್ತರಗಳು ಒಂದು ಮಹಾಸಂಘಟನೆಯ ದಾಖಲೆ. ದಕ್ಷಿಣದಿಂದ ಬಡಗಣಕ್ಕೆ ಸರಿದು ಬಂದ ಭಾರತದ ಭೂಫಲಕವು ಏಷ್ಯವನ್ನು ಒತ್ತುತ್ತಿದ್ದ ಕಾಲದಲ್ಲಿ ಎರಡರ ನಡುವೆ ಟೆಥಿಸ್ ಎಂಬ ಸಮುದ್ರವು ಆಳ ಕಳೆದುಕೊಂಡು ಹಿಂಜರಿಯುತ್ತಿತ್ತು. ಈಯೋಸೀನ್ ಯುಗದ ಆ ಕಡಲಿನ ಕೆಸರು, ಸುಣ್ಣ, ಮರಳುಗಳು ಸೇರಿ ಸುಬಾತು ಶಿಲಾಸ್ತೋಮವಾದುವು. ಹಿಮಾಚಲದ ಸುಬಾತು ಎಂಬ ಊರಿನಿಂದ ಆ ಹೆಸರು. ಕೆಳಗಿನ ಪದರಗಳಲ್ಲಿ ಸಮುದ್ರಜೀವಿಗಳ ಚಿಪ್ಪುಗಳು, ಮೇಲೆ ಹೋದಂತೆ ಕೆಂಪು ಮಣ್ಣಿನ ಪದರಗಳು. ಕಡಲು ಹಿಂದೆ ಸರಿದು ಹೊಳೆ ಹಳ್ಳಗಳು ಹರಿಯತೊಡಗಿದ್ದವೆಂಬುದಕ್ಕೆ ಈ ಕೆಂಪೇ ಸಾಕ್ಷಿ. ರಂಗರಾಯರು ೧೯೭೧ರಲ್ಲಿ ಸಸ್ತನಿಗಳು ಸಿಕ್ಕ ಈ ಪದರವನ್ನು ಮೇಲಿನ ಮರ್ರೀ ಶಿಲೆಗಳಿಗೆ ಸೇರಿಸಿದ್ದರು. ಮುಂದೆ ಅದನ್ನು ಸುಬಾತುವಿನ ಮೇಲ್ಭಾಗವೆಂದು ಪರಿಗಣಿಸಲಾಯಿತು. ಅದೇ ವರ್ಷ ಅಶೋಕ ಸಾಹ್ನಿ ಮತ್ತು ಖರೆ ಅವರೂ ರಾಜೌರಿ ಜಿಲ್ಲೆಯಿಂದಲೇ ಮೂರು ಹೊಸ ಸಸ್ತನಿಗಳನ್ನು ವರ್ಣಿಸಿದರು. ಅವುಗಳಲ್ಲಿ ಒಂದಾದ ರಾವೋಯೆಲ್ಲಾದ ಹೆಸರಿನಿಂದಲೇ ಈ ಇಡೀ ಗುಂಪಿಗೆ ೧೯೮೧ರಲ್ಲಿ ರಾವೋಯೆಲ್ಲಿಡೀ ಎಂಬ ಕುಟುಂಬನಾಮ ಬಂದಿತು. ಇಂಡೋಹೈಯಸ್ ಆ ಕುಟುಂಬಕ್ಕೆ ಸೇರಿದ್ದು.

ಇಷ್ಟಾದರೂ ಈ ಕುಟುಂಬದ ಬಗ್ಗೆ ತಿಳಿದದ್ದು ಹಲ್ಲು ಮತ್ತು ದವಡೆ ಮಾತ್ರ. ಹಲ್ಲಿನ ಗುಬುಟುಗಳು ದುಂಡಾಗಿದ್ದವು. ಹಂದಿಯನ್ನು ನೆನಪಿಗೆ ತಂದುವು. ಹಲ್ಲಿನಿಂದ ಹೆಚ್ಚು ಹೇಳುವುದು ಸಾಧ್ಯವಿರಲಿಲ್ಲ. ಹೇಳಿದ್ದರೆ ಅದು ತಪ್ಪಾಗುತ್ತಿತ್ತು. ಏಕೆಂದರೆ ತಿಮಿಂಗಿಲದ ಹಲ್ಲಿಗೂ ಇಂಡೋಹೈಯಸಿನ ಹಲ್ಲಿಗೂ ಮೇಲ್ನೋಟಕ್ಕೆ ಹೋಲಿಕೆಯೇ ಕಡಮೆ. ವ್ಯಾನ್ ವೇಲನನು ಹಲ್ಲನ್ನು ನಂಬಿ ಇಲ್ಲದ ನಂಟನ್ನು ಕಂಡನು. ಅದೇ ಹಲ್ಲನ್ನು ನಂಬಿದ್ದಕ್ಕೆ ಇಲ್ಲಿ ಇದ್ದ ನಂಟು ಕಾಣದೆ ಹೋಯಿತು.

ರಂಗರಾಯರು ತಾವು ವರ್ಣಿಸಿದ್ದಕ್ಕಿಂತ ಹೆಚ್ಚು ಕಲ್ಲುಗಳನ್ನು ಕಾಲಾಕೋಟಿನ ಸಿಂಧ್‌ಖತೂತಿ ಎಂಬ ತಾಣದಿಂದ ತಂದಿದ್ದರು. ಅಲ್ಲಿ ಮೂಳೆಗಳು ಒಂದರ ಮೇಲೊಂದು ಒತ್ತೊತ್ತಾಗಿ ಕೂಡಿದ್ದವು. ಅನೇಕ ಪ್ರಾಣಿಗಳ ಅಸ್ಥಿಗಳು ಬಿಡಿಬಿಡಿಯಾಗಿ ಕಲೆತು ಗಟ್ಟಿ ಕಲ್ಲಿನಲ್ಲಿ ಹುದುಗಿದ್ದವು. ಅಂಥ ಕಲ್ಲಿನಿಂದ ಒಂದು ಕಪಾಲವನ್ನು ಬಿಡಿಸಲು ತಿಂಗಳುಗಳ ಕಾಲ ಸೂಕ್ಷ್ಮ ಉಪಕರಣಗಳಿಂದ ಕೆತ್ತಬೇಕು. ಅದಕ್ಕೆ ಬೇಕಾದ ಅನುಕೂಲ ಎಲ್ಲ ಕಡೆಯೂ ಇರುವುದಿಲ್ಲ. ಆ ಕಲ್ಲುಗಳು ಬಿಡಿಸದೆಯೇ ಡೆಹರಾಡೂನಿನ ಅವರ ಮನೆಯಲ್ಲಿ ಉಳಿದುವು. ಅವರ ನಿಧನಾನಂತರ ಅವನ್ನು ಕಾಪಾಡಿದವರು ಅವರ ಪತ್ನಿ ಫ್ರೀಡ್ಲಿಂಡೆ ಓಬರ್ಗ್‌ಫೆಲ್. ಈಕೆ ಸ್ವತಃ ಶಾಸ್ತ್ರಜ್ಞೆ. ಕಾಲಾಕೋಟಿನ ಮತ್ತೊಂದು ಗೊರಸಿನ ಪ್ರಾಣಿಯನ್ನು ಕುರಿತು ೧೯೭೩ರಲ್ಲಿ ಪತಿಯೊಡನೆ ಕೂಡಿ ಲೇಖನ ಬರೆದವರು. ಆದ್ದರಿಂದ ತಮ್ಮ ಮನೆಯಲ್ಲಿದ್ದದ್ದು ಬರಿಯ ಕಲ್ಲಲ್ಲವೆಂಬುದು ಆಕೆಗೆ ಗೊತ್ತಿತ್ತು. ವಿದ್ವಾಂಸನೊಬ್ಬನು ತೀರಿಕೊಂಡ ಮೇಲೆ ಅವನ ಹಸ್ತಪ್ರತಿಗಳೂ ಟಿಪ್ಪಣಿಗಳೂ ಹಳೆಯ ಕಾಗದದ ವ್ಯಾಪಾರಿಯ ತಕ್ಕಡಿಯನ್ನು ಏರುವುದನ್ನು ಕನ್ನಡದ ಸಂಶೋಧಕರು ಬಲ್ಲರು. ಹೆಸರಿಲ್ಲದ, ಅಂಕಿಯಿಲ್ಲದ ಕಲ್ಲುಗಳ ಗತಿಯನ್ನು ಹೇಳಬೇಕಾಗಿಲ್ಲ. ಯಾವುದೋ ಪಾಯಕ್ಕೆ ಸೇರುವುದು ಕೂಡ ಆಶ್ಚರ್ಯವಲ್ಲ. ಈ ಕಲ್ಲುಗಳು ಹಾಗಾಗದೆ ಉಳಿದದ್ದು ಈ ಇತಿಹಾಸದ ಅತ್ಯಂತ ಮುಖ್ಯವಾದ ಘಟನೆಯೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಹಾಗಿದ್ದೂ ಅದರ ಕತೆಯಲ್ಲಿ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಸ್ಥಳ ಸಿಕ್ಕಿದ್ದು ಅಪರೂಪ.

ಆಕೆ ಆ ಕಲ್ಲುಗಳನ್ನು ಅಭ್ಯಾಸಕ್ಕಾಗಿ ಅಮೆರಿಕದ ಒಹಾಯೋದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಹಾನ್ಸ್ ಥೆವಿಸನ್ ಅವರಿಗೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವ ಸಹಾಯಕನ ಕೈಯಲ್ಲಿ ಒಂದು ಕಪಾಲದ ಕಿವಿಯ ಭಾಗವು ಆಕಸ್ಮಿಕವಾಗಿ ಮುರಿಯಿತು. ಮುರಿದ ಬಾಯಲ್ಲಿ ಕಂಡದ್ದು ಮಧ್ಯಕರ್ಣವನ್ನು ಬಟ್ಟಲಿನಂತೆ ಆವರಿಸುವ ಮೂಳೆ, ಇದನ್ನು ಕರ್ಣಸಂಪುಟವೆನ್ನೋಣ. ಸಾಮಾನ್ಯ ಸಸ್ತನಿಗಳಲ್ಲಿ ಈ ಬಟ್ಟಲಿನ ಗೋಡೆ ಎಲ್ಲ ಕಡೆಯೂ ಮೊಟ್ಟೆಯ ಚಿಪ್ಪಿನಂತೆ ತೆಳು. ತಿಮಿಂಗಿಲಗಳಲ್ಲಿ ಮಾತ್ರ ಒಳಬದಿಯ ಗೋಡೆ ದಪ್ಪನೆಯ ತುಟಿಯಂತೆ ಉಬ್ಬಿ ಘನವಾಗಿರುತ್ತದೆ. ಇದಕ್ಕೆ ಇನ್ವಾಲ್ಯೂಕ್ರಮ್ ಎಂದು ಹೆಸರು. ಅತಿ ಪ್ರಾಚೀನ ತಿಮಿಂಗಿಲದಿಂದ ಹಿಡಿದು ಇಂದಿನ ಕಡಲಹಂದಿಯವರೆಗೆ ಈ ಕುಲದ ಎಲ್ಲದರಲ್ಲಿಯೂ ಅದು ಉಂಟು. ಕುಲದ ಹೊರಗೆ ಯಾವುದರಲ್ಲಿಯೂ ಇಲ್ಲವೆಂದೇ ಎಲ್ಲರ ತಿಳಿವಳಿಕೆಯಾಗಿತ್ತು. ತಿಮಿಂಗಿಲವನ್ನು ತಿಮಿಂಗಿಲವೆಂದು ಗುರುತಿಸುವ ಮುದ್ರೆಯೇ ಅದು. ಆ ಮುದ್ರೆ ಈಗ ಬೆಕ್ಕಿನ ಗಾತ್ರದ, ತೆಳ್ಳನೆಯ ಕಾಲುಗಳ, ಗೊರಸಿನ ಪ್ರಾಣಿಯೊಂದರ ಕಿವಿಯಲ್ಲಿ ಕಾಣಿಸಿತು.

ಒಂದು ಲಕ್ಷಣ ಸಾಲದು. ಹೋಲಿಕೆ ಕಾಕತಾಳೀಯವಾಗಿಯೂ ಒದಗಬಹುದು. ಆದ್ದರಿಂದ ಥೆವಿಸನ್, ಅವರ ಸಹಕಾರಿಗಳಾದ ಲಿಸಾ ಕೂಪರ್ ಮತ್ತು ಮಾರ್ಕ್ ಕ್ಲೆಮೆಂಟ್ಸ್, ರೂರ್ಕಿಯ ಸುನೀಲ ಬಾಜಪೇಯಿ, ಡೆಹರಾಡೂನಿನ ವಾಡಿಯಾ ಸಂಸ್ಥೆಯ ಬಿ. ಎನ್. ತಿವಾರಿ ಇವರು ಕೂಡಿ ಉಳಿದ ಮೂಳೆಗಳನ್ನೂ ಪರೀಕ್ಷಿಸಿದರು. ಮುಂಬಲ್ಲುಗಳು ಪ್ರಾಚೀನ ತಿಮಿಂಗಿಲಗಳಲ್ಲಿರುವಂತೆ ಹಿಂದುಮುಂದಾಗಿ ಒಂದೇ ಸಾಲಿನಲ್ಲಿ ನಿಂತಿದ್ದವು. ಕಾಲಿನ ಮೂಳೆಗಳನ್ನು ಅಡ್ಡಲಾಗಿ ಕೊಯ್ದು ನೋಡಿದಾಗ ಹೊರಗಿನ ಗೋಡೆ ಅಸಾಧಾರಣ ದಪ್ಪ, ಒಳಗಿನ ಮಜ್ಜೆಯ ಕುಹರ ಬಹಳ ಕಿರಿದು. ನೆಲದ ಮೇಲೆ ಓಡುವ ಪ್ರಾಣಿಗೆ ಇಂಥ ಭಾರ ಹೊರೆಯೇ ಸರಿ; ನೀರಿನ ತಳದಲ್ಲಿ ಕಾಲೂರಿ ನಡೆಯುವುದಕ್ಕೆ ಅದೇ ಅನುಕೂಲ. ನೀರಾನೆಯ ಮೂಳೆಗಳೂ ಹೀಗೆಯೇ ಭಾರ. ಹಲ್ಲಿನ ಗಾಜುಪದರದಲ್ಲಿರುವ ಆಮ್ಲಜನಕದ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣವನ್ನು ಅಳೆದಾಗ ಅದು ನೀರಿನಲ್ಲಿ ಬಹುಕಾಲ ಕಳೆಯುವ ಪ್ರಾಣಿಗಳ ಪ್ರಮಾಣಕ್ಕೆ ಹೊಂದಿತು. ಇಂಗಾಲದ ಪ್ರಮಾಣವು ಮಾತ್ರ ಬೇರೆ ಮಾತು ಹೇಳಿತು. ಇಂಡೋಹೈಯಸಿನ ಆಹಾರ ಆದಿ ತಿಮಿಂಗಿಲಗಳ ಆಹಾರದಂತಿರಲಿಲ್ಲ. ಅದು ನೆಲದ ಸಸ್ಯಗಳನ್ನು ತಿನ್ನುತ್ತಿತ್ತೆಂದು ತೋರುತ್ತದೆ. ಹರಡಿನಲ್ಲಿ ಜೋಡಿ ರಾಟೆ ಇದ್ದೇ ಇತ್ತು. ಈ ಎಲ್ಲವೂ ಸೇರಿ ೨೦೦೭ರ ಡಿಸೆಂಬರ್ ೨೦ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದುವು.

ನೀರಿನಲ್ಲಿ ವಾಸ, ನೆಲದಲ್ಲಿ ಊಟ. ಇದು ಅಸಂಗತವೆಂದು ತೋರಬಹುದು. ಆದರೆ ಇಂದಿಗೂ ಇದಕ್ಕೆ ನಿದರ್ಶನವಿದೆ. ನಮ್ಮ ಪಶ್ಚಿಮ ಘಟ್ಟಗಳ ಕಾಡಿನಲ್ಲಿ ಇಲಿಜಿಂಕೆಯೆಂಬ, ಕೊಂಬಿಲ್ಲದ, ಮೊಲಕ್ಕಿಂತ ತುಸು ದೊಡ್ಡ ಪ್ರಾಣಿಯುಂಟು. ಅದರ ಬಳಗದ ಇನ್ನೊಂದು ಜಾತಿ ಮಧ್ಯ ಮತ್ತು ಪಶ್ಚಿಮ ಆಫ್ರಿಕದ ತೊರೆಗಳ ಬದಿಯಲ್ಲಿ ವಾಸಿಸುತ್ತದೆ. ಅದು ಮೇಯುವುದು ದಂಡೆಯ ಮೇಲೆ, ಬಿದ್ದ ಹಣ್ಣು ಎಲೆಗಳನ್ನು; ಹದ್ದು ಎರಗಿತೆಂದರೆ ಒಡನೆಯೇ ನೀರಿಗೆ ಧುಮುಕಿ ತಳದಲ್ಲಿ ಅವಿತುಕೊಳ್ಳುತ್ತದೆ. ಥೆವಿಸನ್ ಮತ್ತು ಸಂಗಡಿಗರು ಇಂಡೋಹೈಯಸಿನ ಬಾಳನ್ನೂ ಹೀಗೆಯೇ ಕಲ್ಪಿಸಿದರು. ಈ ಕಲ್ಪನೆಯಲ್ಲಿ ಒಂದು ಮುಖ್ಯವಾದ ವಿಚಾರ ಅಡಗಿದೆ. ತಿಮಿಂಗಿಲದ ಪೂರ್ವಜರು ಮೀನಿನ ಆಸೆಗೆ ನೀರಿಗಿಳಿದರೆಂದೇ ಹಿಂದಿನವರ ಭಾವನೆ. ಈಗಿನ ಸಾಕ್ಷ್ಯದ ಪ್ರಕಾರ ಮೊದಲು ಒದಗಿದ್ದು ನೀರಿನ ಬಾಳು, ಆಹಾರ ಬದಲಾದದ್ದು ಆಮೇಲೆ. ಹಸಿವಿಗಿಂತ ಮೊದಲು ಭಯ ಆ ವಂಶವನ್ನು ನೀರಿಗೆ ಇಳಿಸಿತೆಂದು ಊಹಿಸಲು ಅವಕಾಶವಿದೆ. ಊಹೆ ಎಂಬುದನ್ನು ಮಾತ್ರ ಮರೆಯಕೂಡದು. ಹದ್ದಿನ ಅಂಜಿಕೆಗೆ ಕಲ್ಲಿನಲ್ಲಿ ಗುರುತು ಉಳಿಯುವುದಿಲ್ಲ.

ವೃತ್ತಪತ್ರಿಕೆಗಳು ಈ ಎಚ್ಚರವನ್ನು ಇಟ್ಟುಕೊಳ್ಳಲಿಲ್ಲ. ತಿಮಿಂಗಿಲದ ಮೂಲಪುರುಷ ಸಿಕ್ಕನೆಂದೇ ಅನೇಕ ಪತ್ರಿಕೆಗಳು ಬರೆದುವು. ಕಾಲಗಣನೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಾಲಾಕೋಟಿನ ಇಂಡೋಹೈಯಸ್ ಬದುಕಿದ್ದದ್ದು ಸುಮಾರು ನಾಲ್ಕು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ. ಪಾಕಿಸೀಟಸಿನಂಥ ತಿಮಿಂಗಿಲಗಳು ಅದಕ್ಕೆ ಮೊದಲೇ ಇದ್ದುವು. ಮೊಮ್ಮಗ ಹುಟ್ಟಿದ ಮೇಲೆ ಅಜ್ಜ ಹುಟ್ಟಲಾರ. ಇವೆರಡರ ಸಂಬಂಧ ಅಜ್ಜ ಮೊಮ್ಮಕ್ಕಳದಲ್ಲ, ದಾಯಾದಿಗಳದು. ಇನ್ನೂ ಹಿಂದಿನ, ಈವರೆಗೆ ಕೈಗೆ ಸಿಗದ ಒಂದು ಮೂಲ ಮನೆತನದಿಂದ ಎರಡು ಕವಲುಗಳು ಒಡೆದುವು. ಒಂದು ಕವಲು ಕಡಲನ್ನು ಸೇರಿ ಬೆಳೆಯಿತು; ಇನ್ನೊಂದು ಹೊಳೆಯ ದಂಡೆಯಲ್ಲಿಯೇ ಉಳಿದು ಸಂತಾನವಿಲ್ಲದೆ ಮುಗಿಯಿತು. ಹೀಗೆ ಉಳಿದ ದಾಯಾದಿಯು ಮನೆತನದ ಹಳೆಯ ಚಹರೆಯನ್ನು ಹೆಚ್ಚಾಗಿ ಕಾಪಾಡಿಕೊಂಡಿತೆಂಬುದರಲ್ಲಿ ಅದರ ಬೆಲೆಯಿದೆ. ಥೆವಿಸನ್ ಅವರ ಮೂಲ ಲೇಖನ ಹೇಳಿದ್ದೂ ಇಷ್ಟನ್ನೇ. ಮೂಲಪುರುಷನ ಪಟ್ಟವನ್ನು ಕಟ್ಟಿದವರು ಬೇರೆಯವರು.

ವಿದ್ವಾಂಸರಲ್ಲಿಯೂ ಚರ್ಚೆ ನಡೆಯದೆ ಇರಲಿಲ್ಲ. ೨೦೦೭ರ ಲೇಖನದ ವಂಶವೃಕ್ಷದಲ್ಲಿ ನೀರಾನೆಗೆ ತಿಮಿಂಗಿಲದ ಪಕ್ಕದಲ್ಲಿ ಜಾಗವಿರಲಿಲ್ಲ; ಅದು ಹಂದಿಗಳ ಹತ್ತಿರ ಹೋಗಿ ನಿಂತಿತ್ತು. ಇದು ರಕ್ತದ ಸಾಕ್ಷ್ಯಕ್ಕೆ ವಿರುದ್ಧ. ೨೦೦೯ರಲ್ಲಿ ಜೊನಾಥನ್ ಗೈಸ್ಲರ್ ಮತ್ತು ಜೆಸಿಕ ಥಿಯೊಡರ್ ಅವರು ಮೂಳೆಯ ಲಕ್ಷಣಗಳನ್ನೂ ಆನುವಂಶಿಕ ದ್ರವ್ಯದ ಲಕ್ಷಣಗಳನ್ನೂ ಕೂಡಿಸಿ ಲೆಕ್ಕ ಹಾಕಿದರು. ಅವರ ಪ್ರಕಾರ ಬದುಕಿರುವವುಗಳಲ್ಲಿ ನೀರಾನೆಯೇ ತಿಮಿಂಗಿಲಕ್ಕೆ ಹತ್ತಿರ, ಅಳಿದವುಗಳಲ್ಲಿ ಇಂಡೋಹೈಯಸ್ ಇನ್ನೂ ಹತ್ತಿರ. ಎರಡು ಮಾತುಗಳಿಗೂ ವಿರೋಧವಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ನೀರಾನೆಯ ಕಡೆಯ ಖಾಲಿ ಸ್ಥಳವೂ ಕ್ರಮೇಣ ತುಂಬುತ್ತಿದೆ. ೨೦೧೫ರಲ್ಲಿ ಕೆನ್ಯಾದ ಲೋಕೋನ್ ಎಂಬಲ್ಲಿ ದೊರೆತ, ಸುಮಾರು ಎರಡು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದಿನ ಎಪಿರಿಜೆನಿಸ್ ಎಂಬ ಪ್ರಾಣಿಯು ನೀರಾನೆಯ ವಂಶವನ್ನು ಆಂತ್ರಕೊಥೀರ್ ಎಂಬ ಹಳೆಯ ಬಳಗಕ್ಕೆ ಜೋಡಿಸಿತು. ಅಲ್ಲಿಂದ ಹಿಂದಕ್ಕೆ ತಿಮಿಂಗಿಲದ ಕವಲಿನವರೆಗೆ ಇನ್ನೂ ದೂರವಿದೆ. ಇಂಡೋಹೈಯಸ್ ಎಷ್ಟರ ಮಟ್ಟಿಗೆ ಜಲವಾಸಿ ಎಂಬ ವಿಚಾರದಲ್ಲಿಯೂ ಒಮ್ಮತವಿಲ್ಲ. ೨೦೧೨ರಲ್ಲಿ ಕೂಪರ್ ಮತ್ತು ಸಂಗಡಿಗರು ಅದರ ಅಸ್ಥಿಪಂಜರವನ್ನು ವಿಸ್ತಾರವಾಗಿ ವರ್ಣಿಸಿದಾಗ ಕಂಡುಬಂದಂತೆ ಅದರ ಕಾಲು ಈಜುವ ಪ್ರಾಣಿಯ ಕಾಲಲ್ಲ, ಕಾಲೂರಿ ನಡೆಯುವ ಪ್ರಾಣಿಯ ಕಾಲು. ನೀರಿನಲ್ಲಿ ಅದು ನಡೆಯಿತು, ಈಜಿನಲ್ಲಿ ನಿಪುಣವಾಗಿರಲಿಲ್ಲ. ಆ ಅಸ್ಥಿಪಂಜರವೂ ಒಂದೇ ಪ್ರಾಣಿಯದಲ್ಲ, ಒಂದೇ ತಾಣದ ಅನೇಕ ಪ್ರಾಣಿಗಳ ಬಿಡಿ ಮೂಳೆಗಳನ್ನು ಕೂಡಿಸಿ ಕಟ್ಟಿದ್ದು ಎಂಬುದನ್ನು ಚಿತ್ರ ನೋಡುವವರು ನೆನಪಿನಲ್ಲಿಡಬೇಕು.

ತಿಮಿಂಗಿಲದ ತವರು ಭಾರತವೆಂಬ ಹೆಮ್ಮೆಯ ಮಾತು ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವುಂಟು. ಸುಬಾತುವಿನ ಹಿಮಾಲಯಸೀಟಸ್ ಆಗಲಿ, ಕಚ್ಛದಲ್ಲಿ ಸಾಹ್ನಿ ಮತ್ತು ಮಿಶ್ರ ಅವರು ೧೯೭೦ರ ದಶಕದಲ್ಲಿ ವರ್ಣಿಸಿದ ತಿಮಿಂಗಿಲಗಳಾಗಲಿ ಸಾಮಾನ್ಯ ಸಂಪತ್ತಲ್ಲ. ಆದರೆ ಆ ಸಮುದ್ರತೀರಕ್ಕೆ ಇಂದಿನ ಗಡಿಗಳ ಪರಿಚಯವಿರಲಿಲ್ಲ. ಕೋಹಾಟಿನ ಕುಲ್ದಾನ ಶಿಲೆಗಳೂ ಕಾಲಾಕೋಟಿನ ಸುಬಾತು ಶಿಲೆಗಳೂ ಒಂದೇ ಕಡಲು ಹಿಂಜರಿಯುವಾಗ ಬಿಟ್ಟುಹೋದ ದಂಡೆಗಳು. ಇಂಡೋಹೈಯಸಿನ ಕುಟುಂಬದ ಖಿರ್ತರಿಯಾ ಎಂಬ ಇನ್ನ ೊಂದು ಪ್ರಾಣಿಯನ್ನು ಗೈ ಪಿಲ್ಗ್ರಿಮ್ ೧೯೪೦ರಲ್ಲಿ, ಎಂದರೆ ದೇಶವಿಭಜನೆಗೆ ಏಳು ವರ್ಷ ಮೊದಲು, ವಾಯವ್ಯ ಭಾರತದ ಸಸ್ತನಿಗಳನ್ನು ಕುರಿತ ಪ್ರಬಂಧದಲ್ಲಿ ವರ್ಣಿಸಿದ್ದನು. ವಿಭಜನೆಯ ನಂತರ ಒಂದೇ ಪ್ರಾಣಿಕೋಟಿಯ ಮೂಳೆಗಳು ಎರಡು ದೇಶಗಳ ಸಂಗ್ರಹಗಳಲ್ಲಿ ಬೇರೆಬೇರೆಯಾಗಿ ಕುಳಿತುವು. ಕಾಲಿನ ಸಾಕ್ಷ್ಯ ಆ ಕಡೆ, ಕಿವಿಯ ಸಾಕ್ಷ್ಯ ಈ ಕಡೆ. ಎರಡು ಕಡೆಯೂ ಕೆಲಸ ಮಾಡಲು ಅವಕಾಶವಿದ್ದ ಮೂರನೆಯ ದೇಶದ ವಿದ್ವಾಂಸನ ಮೇಜಿನ ಮೇಲೆ ಅವು ಒಂದಾಗಿ ಕೂಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ರಂಗರಾಯರ ಕಲ್ಲುಗಳ ಅಭ್ಯಾಸ ೨೦೦೭ಕ್ಕೆ ನಿಲ್ಲಲಿಲ್ಲ. ೨೦೨೧ರಲ್ಲಿ ಫ್ರಾನ್ಸಿನ ಮೇವಾ ಓರ್ಲಿಯಾಕ್ ಅವರು ಥೆವಿಸನ್ ಅವರೊಡನೆ ಕೂಡಿ ಇಂಡೋಹೈಯಸಿನ ಕಪಾಲದ ಒಳಗಿನ, ಒಂದಾನೊಂದು ಕಾಲದಲ್ಲಿ ಮೆದುಳು ತುಂಬಿದ್ದ ಪೊಳ್ಳಿನ ಆಕಾರವನ್ನು ವರ್ಣಿಸಿದರು. ಈ ಸಲ ಏನನ್ನೂ ಒಡೆಯಬೇಕಾಗಲಿಲ್ಲ; ಕ್ಷ-ಕಿರಣಗಳಿಂದ ಪದರಪದರವಾಗಿ ಚಿತ್ರ ತೆಗೆದು ಆ ಪೊಳ್ಳನ್ನು ಗಣಕಯಂತ್ರದ ಮೇಲೆ ರೂಪಿಸಲಾಯಿತು.